ಕೆಂಚಯ್ಯ ಇಲ್ಲಿ ಸಾಯಲಿಲ್ಲ

“ಓದೇ ಬೋಳಿಮುಂಡೆ. ಏನ್ ಬರೆದೈತೆ, ಬಾಯ್ಬಿಟ್ಟು ಓದು.”

ಚೇತನ್‌ಕುಮಾರ್ ಲಕ್ಕಮ್ಮನ ತುರುಬಿಗೆ ಕೈಹಾಕಿ ಅವಳ ಮುಖವನ್ನು ಗೋಡೆಗೆ ಒತ್ತಿ ಹಿಡಿದಿದ್ದ. ಮೂಗು ಗೋಡೆಗೆ ತಾಗುವಷ್ಟು ಹತ್ತಿರದಿಂದ ಯಾರಿಂದಲೂ ಏನನ್ನೂ ಓದಲಾಗದು ಎಂಬುದು, ಬಿ.ಕಾಂ.ನ ಎರಡನೇ ವರ್ಷದವರೆಗೆ ಹೋಗಿಬಂದಿದ್ದ ಅವನಿಗೆ ಹೊಳೆಯಲಿಲ್ಲ. ಡಾಂಬರು ಇನ್ನೂ ಆರಿರಲಿಲ್ಲ. ಅವಳ ಕೆನ್ನೆಗೆ ಮೆತ್ತಿಕೊಂಡಿತು. ಅವಳು ಉಸಿರೆತ್ತಲಿಲ್ಲವೆಂದು ತಲೆಯನ್ನು ಹಿಂದಕ್ಕೆಳೆದು ಗೋಡೆಗೆ ಬಡಿದ. ಹುಬ್ಬು ಸೀಳಿತು. ರಕ್ತ ಡಾಂಬರಿನ ಮೇಲೆ ನಿಲ್ಲದೆ ಜಾರಿ ಕೆಳಗಿಳಿಯಿತು.

ಗೋಡೆಯ ಮೇಲೆ ಇದ್ದದ್ದು ಮೂರೇ ಪದ: ಕೆಂಚಯ್ಯ ಇಲ್ಲಿ ಸಾಯಲಿಲ್ಲ.

ಓದಬೇಕಾದರೆ ಮೊದಲು ಗಂಡನ ಹೆಸರು ಹೇಳಬೇಕು. ಮದುವೆಯಾದಂದಿನಿಂದ ಲಕ್ಕಮ್ಮ ಅದನ್ನು ನಾಲಿಗೆಯ ಮೇಲೆ ತಂದವಳಲ್ಲ. ಹೆಸರು ಹೇಳಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದೆಂದು ಅತ್ತೆ ಹೇಳಿಕೊಟ್ಟಿದ್ದಳು. ಈಗ ಕಡಿಮೆಯಾಗಲು ಆಯಸ್ಸೇ ಉಳಿದಿರಲಿಲ್ಲ ನಿಜ. ಆದರೆ ಆ ಸುದ್ದಿ ಅವಳ ನಾಲಿಗೆಗಿನ್ನೂ ತಲುಪಿರಲಿಲ್ಲ.

ಚೇತನ್‌ಕುಮಾರ್ ತನಗೆ ತಿಳಿದ ಹಾಗೆ ತೀರ್ಮಾನ ಮಾಡಿದ. ಇವಳಿಗೆ ಅಕ್ಷರ ಬರುವುದಿಲ್ಲ. ಹಾಗಾದರೆ ಕಸ ಗುಡಿಸುವವರಲ್ಲಿ ಅಕ್ಷರ ಬರುವವನು ಯಾರು? ಎಲೆಕ್ಷನ್ ಬಂದಾಗಲೆಲ್ಲ ಪೇಂಟರನ ಜೊತೆ ಬಕೀಟು ಹೊತ್ತು ತಿರುಗುತ್ತಿದ್ದ ಹುಚ್ಚಣ್ಣ. ಇವನು ಕೆಂಚಯ್ಯನ ಚಿಕ್ಕಪ್ಪನ ಮಗ. ಚೇತನನ ಕಡೆಯ ಇಬ್ಬರು ಹುಚ್ಚಣ್ಣನನ್ನು ಅಲ್ಲೇ ನೆಲಕ್ಕೆ ಕೆಡವಿ, ಅವನ ಬಲಗೈಯನ್ನು ಚರಂಡಿಯ ಚಪ್ಪಡಿಯ ಮೇಲೆ ಹರಡಿ ಹಿಡಿದರು.

“ನಾನ್ ಬರೆದಿದ್ರೆ ಇನ್ನೂ ದುಂಡಗೆ ಬರೀತಿದ್ದೆ ಕಣಣ್ಣ,” ಎಂದ ಹುಚ್ಚಣ್ಣ. “ನೋಡು, ಆ ‘ಸಾ’ ಎಂಗೆ ಸೊಟ್ಟಗೈತೆ.”

ಸಲಿಕೆಯ ಹಿಡಿ ಬೆರಳುಗಳ ಮೇಲೆ ಬಿತ್ತು. ಇನ್ನೊಮ್ಮೆ ಬಿತ್ತು. ಮೂರನೆಯ ಏಟಿಗೆ ಅವನಿಗೆ ಪ್ರಜ್ಞೆ ಇರಲಿಲ್ಲವಾದ್ದರಿಂದ ಹೊಡೆಯುವವರಿಗೂ ಅದರಲ್ಲಿ ಆಸಕ್ತಿ ಹೊರಟುಹೋಯಿತು.

ಬರೆದವಳು ತಾನು ಎಂದು ಹೇಳಲು ಲಕ್ಕಮ್ಮ ಬಾಯಿ ತೆರೆದಿದ್ದಳು. ಡಾಂಬರು ಮೆತ್ತಿದ ತುಟಿ ತೆರೆಯಿತೇ ಹೊರತು ಧ್ವನಿ ಬರಲಿಲ್ಲ.

*

ಅದು ಅರಸೀಕೆರೆಯ ಸ್ಟೇಷನ್ ರಸ್ತೆಯ ಹಿಂದಿನ ಸಂದಿ. ಒಂದು ಕಡೆ ರೈಲಿನವರ ಕಾಂಪೌಂಡು, ಇನ್ನೊಂದು ಕಡೆ ಕೊಬ್ಬರಿ ಮಂಡಿಗಳ ಬೆನ್ನು. ಯಾರ ನಕಾಶೆಯಲ್ಲೂ ಅದು ಇರಲಿಲ್ಲ. ಇತ್ತ ಕೇಳಿದರೆ ಅತ್ತ ಕಡೆಯವರದು, ಅತ್ತ ಕೇಳಿದರೆ ಇತ್ತ ಕಡೆಯವರದು ಅನ್ನುತ್ತಿದ್ದರು. ಊರಿನ ಗಂಡಸರಿಗೆ ಅದು ಉಚ್ಚೆ ಸಂದಿ. ಕಾಲೋನಿಯ ಹೆಂಗಸರಿಗೆ ಮಾತ್ರ ಅದು ಸೀರೆ ಬದಲಿಸುವ, ಎಲೆಅಡಿಕೆ ಹಾಕಿಕೊಳ್ಳುವ, ಕಾಲು ಚಾಚುವ ಜಾಗ. ಊರನ್ನೆಲ್ಲ ಗುಡಿಸಿದವರಿಗೆ ಊರು ಕೂರಲು ಬಿಟ್ಟದ್ದು ಅಷ್ಟೇ.

ಕೆಂಚಯ್ಯನ ಹೆಣ ಸಿಕ್ಕಿದ್ದೂ ಅಲ್ಲೇ. ಪಕ್ಕದಲ್ಲಿ ಹರಿದ ಸಾರಾಯಿ ಪಾಕೀಟು, ಎದೆಯ ಮೇಲೆ ಸಾರಾಯಿ ವಾಸನೆ. ಯಾರೋ ಪೈಪು ಹಿಡಿದು ಮೈ ತೊಳೆದಿದ್ದರು. ತೊಳೆಸಿಕೊಂಡು ಸಾಯುವ ಕುಡುಕನನ್ನು ಲಕ್ಕಮ್ಮ ಕಂಡಿರಲಿಲ್ಲ. ಅವನ ಕಿವಿಯೊಳಗೂ ಮೂಗಿನೊಳಗೂ ಗುಂಡಿಯ ಹೊಲಸು ಹಾಗೇ ಮೆತ್ತಿಕೊಂಡಿತ್ತು. ಅಷ್ಟು ಒಳಗೆ ಪೈಪಿನ ನೀರು ಹೋಗಿರಲಿಲ್ಲ.

ನಡೆದದ್ದನ್ನು ಹೇಳಿದವನು ಹುಚ್ಚಣ್ಣ. ಊರಿನ ಕಸದ ಕಂಟ್ರಾಕ್ಟು ಚನ್ನಪ್ಪನದು. ತೆಂಗಿನ ತೋಟ ಅವನದು, ಸ್ಟೇಷನ್ ರಸ್ತೆಯ ಲಾಡ್ಜೂ ಅವನದೇ. ಲಾಡ್ಜಿನ ಕಕ್ಕಸು ಗುಂಡಿ ತುಂಬಿತೆಂದು ಚನ್ನಪ್ಪನ ಮಗ ಚೇತನ್‌ಕುಮಾರ್ ಇಬ್ಬರನ್ನೂ ಕರೆದುಕೊಂಡು ಹೋಗಿದ್ದ. ಕೆಂಚಯ್ಯ ಇಳಿದ. ಹುಚ್ಚಣ್ಣ ಹಗ್ಗ ಹಿಡಿದ. ಹಗ್ಗ ಒಮ್ಮೆ ಜಗ್ಗಿ ಸಡಿಲವಾಯಿತು. ಕೊಕ್ಕೆ ಹಾಕಿ ಎಳೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬಾಯಿಬಿಟ್ಟರೆ ನೀನೂ ಅದೇ ಗುಂಡಿಗೆ ಅಂದಿದ್ದರಂತೆ.

ಲಕ್ಕಮ್ಮ ಪೊಲೀಸ್ ಸ್ಟೇಷನ್ನಿಗೆ ಹೋದಳು. ಜೊತೆಗೆ ಬಂದಿದ್ದ ಕಾಲೋನಿಯ ಹಿರಿಯಳು ಸಣ್ಣತಾಯಮ್ಮನನ್ನು ಗೇಟಿನಾಚೆಯೇ ನಿಲ್ಲಿಸಿದರು. ಒಳಗೆ ಚನ್ನಪ್ಪ ದಫೇದಾರನ ಎದುರು ಕಾಫಿ ಕುಡಿಯುತ್ತ ಕೂತಿದ್ದ. ದಫೇದಾರ ಗಂಡನ ಹೆಸರು ಕೇಳಿದ. ಇಂಥ ಕಡೆ ಗಂಡನ ಹೆಸರನ್ನು ಜೊತೆಯವರು ಹೇಳುವುದು ರೂಢಿ. ಲಕ್ಕಮ್ಮ ಗೇಟಿನ ಕಡೆ ನೋಡಿದಳು.

“ಯಾಕೆ, ಯಾರು ಅಂತ ಗೊತ್ತಿಲ್ವೋ, ಇಲ್ಲಾ ಯಾವನ್ ಹೆಸ್ರು ಹೇಳ್ಬೇಕು ಅಂತ ಗೊತ್ತಾಗ್ತಿಲ್ವೋ?” ಎಂದ ದಫೇದಾರ.

ಚನ್ನಪ್ಪ ನಕ್ಕು ಕಾಫಿ ಚೆಲ್ಲಿಕೊಂಡ. ಅವಳು ಮತ್ತೂ ಗೇಟಿನ ಕಡೆಯೇ ನೋಡಿದಳು. ದಫೇದಾರ ಬೇಸತ್ತು, ಅಪರಿಚಿತ ಕುಡುಕ ಎಂದು ಬರೆದುಕೊಂಡ. ಅಪರಿಚಿತನಾದ ಮೇಲೆ ಹೆಣ ಅನಾಥವಾಯಿತು. ಅನಾಥ ಹೆಣವನ್ನು ಹೂಳಬೇಕಾದದ್ದು ಸರ್ಕಾರ. ಸರ್ಕಾರ ಎಂದರೆ ಹುಚ್ಚಣ್ಣ ಮತ್ತು ಅವನ ಸಲಿಕೆ. ತನ್ನ ಅಣ್ಣನನ್ನು ಹುಚ್ಚಣ್ಣ ಗೊತ್ತಿಲ್ಲದವನಂತೆ ಹೂತುಬಂದ.

ಲಕ್ಕಮ್ಮ ಹಾರನಹಳ್ಳಿಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿದ್ದಳು. ಗಂಡನ ಹೆಸರು ಹೇಳಬಾರದೆಂದು ಅತ್ತೆ ಹೇಳಿದ್ದಳೇ ಹೊರತು ಬರೆಯಬಾರದೆಂದು ಹೇಳಿರಲಿಲ್ಲ. ಬರೆಯುವ ಸೊಸೆಯೊಬ್ಬಳಿರಬಹುದೆಂಬುದು ಆ ಮುದುಕಿಯ ಕಲ್ಪನೆಗೆ ಬಂದಿರಲಾರದು. ರಸ್ತೆ ಕೆಲಸದವರು ಬಿಟ್ಟುಹೋದ ಡಾಂಬರಿನ ಡಬ್ಬಿ ಸಿಕ್ಕಿತು. ಸವೆದ ಪೊರಕೆಯ ಮೋಟು ಇತ್ತು. ಬೆಳಗಿನ ಕಸದ ಹೊತ್ತಿನಲ್ಲಿ ಊರೆಲ್ಲ ಅವರದೇ. ಹೆಣ ಬಿದ್ದಿದ್ದ ಜಾಗದ ಮೇಲೆ, ಗೋಡೆಗೆ, ಅವಳು ಬರೆದಳು.

*

ಕೈಗೆ ಬಿದಿರು ಸೀಳು ಕಟ್ಟಿಸಿಕೊಂಡು ಹುಚ್ಚಣ್ಣ ಕಾಲೋನಿಯ ಜಗಲಿಯ ಮೇಲೆ ಮಲಗಿದ್ದ. ಲಕ್ಕಮ್ಮ ಬಂದು ಅವನ ಕಾಲಬಳಿ ಕೂತಳು. ನನ್ನಿಂದ ಆಯ್ತು ಎಂದಳು. ಇನ್ನು ಬರೆಯುವುದಿಲ್ಲ ಎಂದಳು.

“ಬುಟ್ಟೀಯ ಮತ್ತೆ,” ಎಂದ ಹುಚ್ಚಣ್ಣ. “ನನ್ ಕೈ ಮುರ್ದಾಕವ್ರೆ. ಇನ್ಮೇಲೆ ಏನೇ ಬರೆದ್ರೂ ನಾನಲ್ಲ ಅಂತ ಅವ್ರಿಗೇ ಗೊತ್ತು. ಇದಕ್ಕಿಂತ ಒಳ್ಳೆ ಟೈಮು ಸಿಕ್ಕಾಕಿಲ್ಲ ಅತ್ಗೆ. ಬರಿ. ಆದ್ರೆ ಆ ‘ಸಾ’ ಒಂಚೂರು ತಿದ್ಕೊ.”

ಮಾರನೆಯ ವಾರದಿಂದ ಊರಿನ ಬೇಡದ ಮೂಲೆಗಳೆಲ್ಲ ಮಾತಾಡತೊಡಗಿದವು. ಟ್ರಾನ್ಸ್‌ಫಾರ್ಮರಿನ ಹಿಂದೆ: ಕೆಂಚಯ್ಯ ಇಲ್ಲೂ ಸಾಯಲಿಲ್ಲ. ರೈಲು ದಾಟುವ ಮೇಲ್ಸೇತುವೆಯ ಮೆಟ್ಟಿಲುಗಳ ಹೊಟ್ಟೆಯಲ್ಲಿ: ಇಲ್ಲೂ ಸಾಯಲಿಲ್ಲ. ಬಾಗಿಲು ಹಾಕಿದ ಟಾಕೀಸಿನ ಪಕ್ಕದ ಗೋಡೆಗೆ, ನೀರಿನ ಟ್ಯಾಂಕಿನ ಕಾಲುಗಳಿಗೆ, ಎಸ್‌ಟಿಡಿ ಬೂತಿಗೂ ಸೈಕಲ್ ಶಾಪಿಗೂ ನಡುವೆ ನಾಯಿ ಮಾತ್ರ ತೂರಬಲ್ಲ ಸಂದಿಗೆ. ಸಾಮಾನ್ಯವಾಗಿ ಗೋಡೆಗಳು ಯಾರು ಗೆಲ್ಲಬೇಕು, ಯಾರಿಗೆ ಜಯವಾಗಲಿ ಎಂದು ಹೇಳುತ್ತವೆ. ಒಬ್ಬ ಮನುಷ್ಯ ಎಲ್ಲೆಲ್ಲಿ ಸಾಯಲಿಲ್ಲ ಎಂದು ಪಟ್ಟುಹಿಡಿದು ತಿಳಿಸುವ ಗೋಡೆಗಳನ್ನು ಅರಸೀಕೆರೆ ನೋಡಿರಲಿಲ್ಲ. ಮೊದಲು ಊರಿಗೆ ತಮಾಷೆಯಾಯಿತು. ಹುಡುಗರು ಬಸ್ಸಿನಲ್ಲಿ ಕೂಗಿಕೊಂಡು ಹೋದರು. ಆಮೇಲೆ ಟೀ ಅಂಗಡಿಗಳಲ್ಲಿ ಇಲ್ಲಿ ಸಾಯಲಿಲ್ಲ, ಅಲ್ಲಿ ಸಾಯಲಿಲ್ಲ, ಮತ್ತೆ ಆ ನನ್ಮಗ ಸತ್ತಿದ್ದಾದರೂ ಎಲ್ಲಿ ಎಂಬ ಮಾತು ಬಂತು. ಆ ಮಾತು ಬಂದಾಗ ಎಲ್ಲರೂ ಲಾಡ್ಜಿನ ಕಡೆ ಒಮ್ಮೆ ನೋಡಿ, ಗ್ಲಾಸಿನ ಕಡೆ ನೋಡತೊಡಗಿದರು. ಬರಹ ಸ್ಟೇಷನ್ ರಸ್ತೆಯ ಸುತ್ತ ಸುತ್ತಿ ಸುತ್ತಿ ಹತ್ತಿರವಾಗುತ್ತಿತ್ತು.

ಅಳಿಸಲು ಚೇತನ್‌ಕುಮಾರ್ ಕಸದವರನ್ನೇ ಹಚ್ಚಿದ. ಲಕ್ಕಮ್ಮ ಮುಂಜಾನೆ ಬರೆದದ್ದನ್ನು ಮಧ್ಯಾಹ್ನ ಸೀಮೆಎಣ್ಣೆ ಹಾಕಿ ಉಜ್ಜುತ್ತಿದ್ದಳು. ಸಾಕಷ್ಟು ಉಜ್ಜಲಿಲ್ಲವೆಂದು ಅವನು ಸಣ್ಣತಾಯಮ್ಮನ ಬೆನ್ನಿಗೆ ಬೆಲ್ಟಿನಲ್ಲಿ ಬಾರಿಸಿದ. ಮುದುಕಿ ರವಿಕೆ ಸರಿಮಾಡಿಕೊಂಡು, ಇವರಪ್ಪ ಇನ್ನೂ ಜೋರಾಗಿ ಹೊಡೀತಿದ್ದ ಎಂದು ಪಕ್ಕದವಳಿಗೆ ಹೇಳಿದಳು.

ಇತ್ತ ಲಾಡ್ಜಿನ ಗುಂಡಿ ಮತ್ತೆ ತುಂಬಿತು. ಕೆಂಚಯ್ಯ ಅರ್ಧಕ್ಕೇ ಬಿಟ್ಟ ಕೆಲಸ ಅದು. ಕಾಲೋನಿಯ ಗಂಡಸರು ಯಾರೂ ಒಪ್ಪಲಿಲ್ಲ. ಹಗರೆ ಕಡೆಯಿಂದ ಇಬ್ಬರನ್ನು ಕರೆಸಿದರು. ಅವರು ಬಸ್ಸಿಳಿದು ಸ್ಟೇಷನ್ ರಸ್ತೆಗೆ ಬರುವಷ್ಟರಲ್ಲಿ ಗೋಡೆಗಳನ್ನು ಓದಿ, ವಿಚಾರಿಸಿ, ಅದೇ ಬಸ್ಸು ಹತ್ತಿ ವಾಪಸಾದರು. ಮದುವೆ ಕಾಲ. ಲಾಡ್ಜಿನ ತುಂಬ ಬೀಗರು. ಒಂದು ಬೆಳಿಗ್ಗೆ ಮೇಲಿನ ಮಹಡಿಯ ಕಕ್ಕಸುಗಳು ನುಂಗುವುದನ್ನು ನಿಲ್ಲಿಸಿ ಉಗುಳತೊಡಗಿದವು.

*

ಚನ್ನಪ್ಪ ಕಸದವರನ್ನೆಲ್ಲ ಲಾಡ್ಜಿನ ಹಿತ್ತಲಿಗೆ ಕರೆಸಿದ. ಬಾಲ್ಕನಿಗಳಲ್ಲಿ ರೇಷ್ಮೆ ಸೀರೆಗಳು, ಹೊಸ ಪಂಚೆಗಳು, ಎಲ್ಲರ ಮೂಗಿಗೂ ಕರ್ಚೀಪು. ಗುಂಡಿಯ ಮೇಲಿನ ಚಪ್ಪಡಿಯನ್ನು ಅವನೇ ಮೊದಲು ನೋಡಿದ. ಅದರ ಮೇಲೆ ಡಾಂಬರಿನಲ್ಲಿ ಒಂದೇ ಪದ ಇತ್ತು: ಇಲ್ಲಿ.

ಬಾಲ್ಕನಿಯ ಮೇಲಿನವರೂ ಓದಿದರು. ಹೆಣ್ಣಿನ ಕಡೆಯವನೊಬ್ಬ ಗಂಡಿನ ಕಡೆಯವನ ಕಿವಿಯಲ್ಲಿ ಏನೋ ಕೇಳಿದ. ಚನ್ನಪ್ಪ ಅದನ್ನು ಕಾಣದವನಂತೆ, ಚಪ್ಪಡಿ ಸರಿಸಿ ಅಂದ. ಕೆಲಸದವರು ಹಾರೆ ಹಾಕಿ ಸರಿಸಿದರು. ವಾಸನೆಗೆ ಬಾಲ್ಕನಿ ಅರ್ಧ ಖಾಲಿಯಾಯಿತು. ಹಿತ್ತಲಲ್ಲಿ ಮೂಗು ಮುಚ್ಚದೆ ನಿಂತಿದ್ದವರು ಕಾಲೋನಿಯವರು ಮಾತ್ರ.

“ಇಳೀರ್ಲಾ ಯಾರಾದ್ರೂ,” ಎಂದ ಚನ್ನಪ್ಪ, ಮೂಗು ಹಿಡಿದುಕೊಂಡೇ. “ಏನೂ ಆಗಾಕಿಲ್ಲ. ಮೊಣಕಾಲುದ್ದ ಐತೆ ಅಷ್ಟೇ.”

ಯಾರೂ ಅಲುಗಲಿಲ್ಲ. ಚೇತನ್‌ಕುಮಾರ್ ಸೀದಾ ಹುಚ್ಚಣ್ಣನ ಬಳಿ ಹೋಗಿ, ಬಿದಿರು ಕಟ್ಟಿದ್ದ ಕೈಯನ್ನೇ ಹಿಡಿದು ತಿರುವಿದ. ಕೂಡುತ್ತಿದ್ದ ಮೂಳೆ ಮತ್ತೆ ಮುರಿದ ಸದ್ದು ಹಿತ್ತಲಿಗೆಲ್ಲ ಕೇಳಿಸಿತು. ಹುಚ್ಚಣ್ಣನ ಜೋಕುಗಳು ಮುಗಿದಿದ್ದವು. ಅವನು ಕರುವಿನ ಹಾಗೆ ಕೂಗಿದ. ಚೇತನ್ ಅವನನ್ನು ಗುಂಡಿಯ ಕಡೆಗೆ ಎಳೆಯತೊಡಗಿದ.

“ಅವ್ನನ್ ಬುಡು,” ಎಂದಳು ಲಕ್ಕಮ್ಮ. “ಬರೆದೋಳು ನಾನು.”

“ಏನಂದೆ?”

“ಬರೆದೋಳು ನಾನು. ಎಲ್ಲಾನೂ. ಕೆಂಚಯ್ಯನ ಹೆಂಡ್ರು ನಾನು.”

ಸಣ್ಣತಾಯಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಲಾಡ್ಜಿನ ವಾಸನೆಗೂ ಮುಚ್ಚದ ಬಾಯಿ ಅದು.

ಚೇತನ್‌ಕುಮಾರ್ ಹುಚ್ಚಣ್ಣನನ್ನು ಬಿಟ್ಟು ಇವಳ ಕಡೆ ಬಂದ. ಮೊದಲ ಒದೆತ ಹೊಟ್ಟೆಗೆ ಬಿತ್ತು, ಎರಡನೆಯದು ಬಾಯಿಗೆ. ಅವಳು ಗುಂಡಿಯ ಅಂಚಿನಲ್ಲಿ ಮಂಡಿಯೂರಿ ಕುಸಿದಳು. ಒಂದು ಹಲ್ಲು ಹೊರಗೆ ಬಂದು ಸೆರಗಿನ ಮೇಲೆ ಬಿತ್ತು. ಅವನು ಅವಳಿಗೂ ಗುಂಡಿಗೂ ನಡುವೆ, ಬಾಲ್ಕನಿಗೆ ಕಾಣುವ ಹಾಗೆ ಬಂದು ನಿಂತ. ಗಂಡಿನ ಕಡೆಯವರು ನೋಡುತ್ತಿದ್ದರು. ಮನೆತನದ ಪ್ರಶ್ನೆ.

“ಹಿಡಿಯೇ ಸೂಳೆ. ಎಲ್ರೆದ್ರಿಗೂ ಕಾಲ್ ಹಿಡಿದು ತಪ್ಪಾಯ್ತು ಅನ್ನು.”

ಲಕ್ಕಮ್ಮ ಹಿಡಿದಳು. ಎರಡೂ ಕೈಗಳಿಂದ, ಎರಡೂ ಕಾಲುಗಳ ಹಿಮ್ಮಡಿಯ ಮೇಲೆ, ಅವಳ ಮಾವ ಚನ್ನಪ್ಪನ ಅಪ್ಪನ ಕಾಲನ್ನು ಹಿಡಿದ ಹಾಗೆಯೇ, ಹಣೆಯನ್ನು ಅವನ ಮೊಣಕಾಲಿಗೆ ಆನಿಸಿ ಹಿಡಿದಳು. ಆಮೇಲೆ ತುಂಬಿದ ಕಸದ ಬುಟ್ಟಿಯನ್ನು ಎತ್ತುವ ಹಾಗೆ ಹಿಮ್ಮಡಿಗಳನ್ನು ತನ್ನ ಕಡೆ ಎಳೆದುಕೊಂಡು, ಹಣೆಯಿಂದ ಮುಂದಕ್ಕೆ ನೂಕಿದಳು.

ಚೇತನ್‌ಕುಮಾರ್ ಬೆನ್ನು ಕೆಳಗಾಗಿ ಬಿದ್ದ. ಗುಂಡಿ ಮೊಣಕಾಲುದ್ದವಿರಲಿಲ್ಲ. ಒಮ್ಮೆ ಪೂರಾ ಮುಳುಗಿ, ಕತ್ತಿನವರೆಗೆ ಎದ್ದು, ಬಾಯಿಗೆ ಹೋದದ್ದನ್ನು ಉಗುಳಿ, ಅಪ್ಪಾ ಎಂದ. ಎರಡನೆಯ ಸಲ ಅಪ್ಪಾ ಅಂದದ್ದು ಕೆಮ್ಮಾಗಿ ಬಂತು.

ಚನ್ನಪ್ಪ ಕೆಲಸದವರ ಕಡೆ ತಿರುಗಿದ. ಇಳೀರ್ಲಾ, ಇಳೀರಪ್ಪಾ, ಇಳೀರಿ ಎಂದು ಮೂರು ಮರ್ಯಾದೆಯನ್ನೂ ಒಂದೇ ಉಸಿರಿನಲ್ಲಿ ದಾಟಿದ. ಚೇತನನ ಕಡೆಯ ಇಬ್ಬರೂ ಹಿತ್ತಲ ಬಾಗಿಲಲ್ಲಿ ಇರಲಿಲ್ಲ. ಬಾಲ್ಕನಿಯವರಲ್ಲಿ ಒಬ್ಬ ಯಾರಾದರೂ ಏನಾದರೂ ಮಾಡಿ ಅಂದ, ಅಲ್ಲಿಂದಲೇ. ಸಣ್ಣತಾಯಮ್ಮ ನೆಲದ ಮೇಲೆ ಕೂತು ಹುಚ್ಚಣ್ಣನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಉಳಿದವರು ತಮ್ಮ ಬರಿಗಾಲುಗಳನ್ನು ನೋಡಿಕೊಂಡು ನಿಂತರು.

ಹಗ್ಗದ ಸುರುಳಿ ಲಕ್ಕಮ್ಮನ ಪಕ್ಕದಲ್ಲಿ ಬಿದ್ದಿತ್ತು. ಅವಳು ಅದನ್ನು ಎತ್ತಿಕೊಂಡು ಎದ್ದಳು. ಬಾಯಿಂದ ರಕ್ತ ಗದ್ದಕ್ಕಿಳಿದು ಕೊರಳಿಗೆ ಹರಿಯುತ್ತಿತ್ತು. ಗುಂಡಿಯ ಕಡೆ ನೋಡದೆ ಚನ್ನಪ್ಪನ ಎದುರು ಬಂದು ಹಗ್ಗವನ್ನು ಅವನ ಕೈಗಿಟ್ಟಳು.

“ಇಳೀರಿ ಯಜಮಾನ್ರೆ,” ಎಂದಳು. “ಮೇಲೆ ನಾವು ಹಿಡ್ಕಂತೀವಿ.”

ಚನ್ನಪ್ಪ ಹಗ್ಗ ಹಿಡಿದು ಅಂಚಿನವರೆಗೆ ಬಂದ. ಕೆಳಗೆ ಮಗನ ಕೈಯೊಂದು ಗೋಡೆಯನ್ನು ಕೆರೆದು ಕೆರೆದು ಜಾರುತ್ತಿತ್ತು. ಅವನು ಬಗ್ಗಿದ, ಮಗನ ಹೆಸರು ಹಿಡಿದು ಕೂಗಿದ, ಅತ್ತ. ಒಂದು ಕೈಯಲ್ಲಿ ಹಗ್ಗವಿತ್ತು. ಇನ್ನೊಂದು ಕೈ ಆಗಲೂ ಮೂಗು ಬಿಟ್ಟು ಬರಲಿಲ್ಲ.