ಓದಿದ ಸಾಲುಗಳನ್ನು ಹಾರಿಸು

ಶುಮ್ಪೇ ಕಳಿಸಿದ ವರದಿಯಲ್ಲಿ ಇದ್ದದ್ದು ಇಷ್ಟೇ: "ರೈಲು ನಿಲ್ದಾಣದ ದೃಶ್ಯ. 'ಹೋಗು' ಒತ್ತಿದೆ, ಸರಿ ಇದೆ. 'ಇರು' ಒತ್ತಿದೆ, ಸರಿ ಇದೆ. ಎರಡೂ ಕಡೆ ತೊಂದರೆ ಇಲ್ಲ."

ತೊಂದರೆ ಇಲ್ಲವಂತೆ! ಮೊಬೈಲನ್ನು ದಿಂಬಿನ ಮೇಲೆ ಎಸೆದೆ. ಎತ್ತಿಕೊಂಡು ಮತ್ತೆ ಓದಿದೆ. ತಲೆಬುಡ ತಿಳಿಯಲಿಲ್ಲ.

ಶುಮ್ಪೇ ಕಾಲೇಜಿನಲ್ಲಿ ನನಗಿಂತ ಒಂದು ವರ್ಷ ಕಿರಿಯ. ನಾನು ಕಥೆ ಬರೆಯುತ್ತೇನೆ, ಅವನು ಅದನ್ನು ಆಟವಾಗಿ ಕೂಡಿಸಿ, ಆಡಿ, ತಪ್ಪು ಹಿಡಿಯುತ್ತಾನೆ. ಇತಾಬಾಶಿಯಲ್ಲಿರುವ ಅವನ ಒಂದೇ ಕೋಣೆಯ ಮನೆಯೇ ನಮ್ಮ ಕಾರ್ಖಾನೆ. ನಮ್ಮಂತೆ ಮನೆಯಲ್ಲೇ ಆಟ, ಪುಸ್ತಕ ಮಾಡುವವರು ಸೇರುವ ಆಗಸ್ಟ್ ಮೇಳದಲ್ಲಿ ಒಂದು ಮೇಜು ಹಿಡಿದು ಮಾರುತ್ತೇವೆ. ತೆರೆಯ ಮೇಲೆ ಒಬ್ಬ ಹುಡುಗಿ, ಕೆಳಗೆ ಅವಳ ಮಾತು, ನಡುನಡುವೆ ಎರಡು ಉತ್ತರ. ಆಡುವವರು ಒಂದನ್ನು ಆರಿಸಬೇಕು, ಕಥೆ ಆ ಕಡೆಗೆ ಹೊರಳುತ್ತದೆ. ಕಾದಂಬರಿ ಓದಿ ಅತ್ತವರು ಬರೆದವರನ್ನು ಬೈಯುತ್ತಾರೆ. ನಮ್ಮ ಆಟ ಆಡಿ ಅತ್ತವರು ತಮ್ಮನ್ನೇ ಬೈದುಕೊಳ್ಳುತ್ತಾರೆ. "ಅವಳನ್ನು ಕಳಿಸಿದ್ದು ನಾನೇ" ಎಂದು ಹೋದ ವರ್ಷ ನಮ್ಮ ಮೇಜಿನ ಮುಂದೆ ಮಧ್ಯವಯಸ್ಕರೊಬ್ಬರು ಕಣ್ಣೊರೆಸಿಕೊಂಡಿದ್ದರು. ಆ ದಿನವಿಡೀ ನಾನು ನೆಲದ ಮೇಲೆ ನಡೆಯಲಿಲ್ಲ.

ಈಗ ದೂರದ ಕ್ಯೋಟೋದ ಒಂದು ಆಟದ ಕಂಪನಿ ನನ್ನನ್ನು ಬರೆಯಲು ಕರೆದಿತ್ತು. ಸೇರಿದರೆ ಹೊರಗಿನವರಿಗೆ ಒಂದು ಸಾಲೂ ಬರೆಯುವಂತಿಲ್ಲ. ಅಂದರೆ ಮೇಳವೂ ಇಲ್ಲ, ಶುಮ್ಪೇಯೂ ಇಲ್ಲ. ಶುಕ್ರವಾರ ಸಂಜೆ ಐದರೊಳಗೆ ಫೋನ್ ಮಾಡಿ ಉತ್ತರ ಹೇಳಬೇಕಿತ್ತು.

ಇದನ್ನು ಅವನೆದುರು ಬಾಯಿಬಿಟ್ಟು ಹೇಳಲು ನನ್ನಿಂದ ಆಗಲಿಲ್ಲ. ಮಾತು ಮಾರಿ ಬದುಕಲು ಹೊರಟವಳಿಗೆ ಮಾತೇ ಹೊರಡಲಿಲ್ಲ. ಹಾಗಾಗಿ ನಮ್ಮ ಆಟದ ನಿಲ್ದಾಣದ ದೃಶ್ಯವನ್ನು ತಿದ್ದಿ ಬರೆದೆ. ಅದರ ನಾಯಕಿ ಸುಜುನೋ ಈಗ ನನ್ನ ಮಾತನ್ನೇ ಆಡುತ್ತಿದ್ದಳು: 'ಕ್ಯೋಟೋದಿಂದ ಕರೆ ಬಂದಿದೆ. ನೀನು ಮೂಲಂಗಿ ತುರಿಯುತ್ತಾ ಹಾಡುವ ತಪ್ಪುತಪ್ಪು ಹಾಡು ಅಲ್ಲಿ ಕೇಳುವುದಿಲ್ಲ. ನಾನು ಹೋಗಲಾ?' ಕೆಳಗೆ ಎರಡು ಉತ್ತರ, ಹೋಗು, ಇರು. ಮೂಲಂಗಿ ತುರಿಯುತ್ತಾ ಹಾಗೆ ಹಾಡುವವನು ಶುಮ್ಪೇ ಒಬ್ಬನೇ, ಎಂಥ ಪೆದ್ದನಿಗೂ ತಿಳಿಯುವಂತಿತ್ತು. "ನಿಲ್ದಾಣ ಬದಲಾಯಿಸಿದೀನಿ, ಆಡಿ ನೋಡು" ಎಂದು ಕಳಿಸಿದರೆ, ಈ ವರದಿ.

ಶುಕ್ರವಾರ ಮಧ್ಯಾಹ್ನ ಅವನ ಮನೆಗೆ ಹೋದೆ.

"ಬಂದ್ರಾ ಚಿಗುಸಾ ಸಾನ್? ಅಂಗಡೀಲಿ ಆಗಷ್ಟೇ ಕರಿದ ಬಿಸಿ ಕೊರೊಕ್ಕೆ ತಂದಿದೀನಿ. ತಣ್ಣಗಾದ್ಮೇಲೆ ಆಲೂಗಡ್ಡೆ ಮುದ್ದೆ ಅಂತ ನನ್ನ ಬೈಬೇಡಿ."

"ನಿಲ್ದಾಣ ಆಡಿದ್ಯಾ?"

"ಬರ್ದಿದ್ನಲ್ಲ. ಚೆನ್ನಾಗಿದೆ. 'ಇರು' ಅಂದಾಗ ಸಂಗೀತ ಒಂಚೂರು ಬೇಗ ಬರತ್ತೆ, ಅಷ್ಟೇ."

ಸಂಗೀತ! "ಮತ್ತೆ 'ಹೋಗು' ಅಂದಾಗ?"

"ಹೋಗ್ತಾಳೆ."

"ನಿನಗೇನೂ ಅನ್ನಿಸ್ಲೇ ಇಲ್ವಾ?"

"ಎಷ್ಟ್ ಸಲ ಅವಳನ್ನ ರೈಲು ಹತ್ತಿಸಿದೀನಿ! ಈಗ ಟಾಟಾ ಮಾಡೋಕೂ ಕೈ ಏಳಲ್ಲ."

ನಾನು ಬಾರ್ಲಿ ಚಹಾ ಕುಡಿಯುತ್ತಾ ಅವನ ಮುಖವನ್ನೇ ನೋಡಿದೆ. ಗೊತ್ತಿದ್ದೂ ನಗುತ್ತಿದ್ದಾನೆಯೇ? ನನಗೆ ನೋವಾಗದಿರಲೆಂದು ನಯವಾಗಿ ಬಾಗಿಲು ಹಾಕುತ್ತಿದ್ದಾನೆಯೇ? ಹೋಗು ಎಂದೂ ಒತ್ತಿದ್ದಾನೆ, ಇರು ಎಂದೂ ಒತ್ತಿದ್ದಾನೆ. ಪರೀಕ್ಷೆ ಮಾಡುವವನು ಎರಡನ್ನೂ ಒತ್ತಲೇಬೇಕು ಎಂಬ ಸಣ್ಣ ವಿಷಯ ನನ್ನ ದೊಡ್ಡ ಬುದ್ಧಿಗೆ ಹೊಳೆದೇ ಇರಲಿಲ್ಲ. ಇದರಲ್ಲಿ ಯಾವುದನ್ನು ಉತ್ತರ ಎಂದು ಇಟ್ಟುಕೊಳ್ಳಲಿ?

"ಸಂಗೀತ ನೀವೇ ಕೇಳಿ" ಎಂದು ಅವನು ಆಟ ತೆರೆದ. ಒಂದು ಗುಂಡಿಯ ಮೇಲೆ ಬೆರಳು ಒತ್ತಿ ಹಿಡಿದ. ಸುಜುನೋಳ ಮಾತುಗಳು ಸರ್ರನೆ ಓಡಿಹೋದವು, ಒಂದು ಅಕ್ಷರವೂ ಕಣ್ಣಿಗೆ ನಿಲ್ಲದ ಹಾಗೆ.

"ಏನ್ ಮಾಡ್ತಿದೀಯ?"

"ಹಾರಿಸ್ತಿದೀನಿ. ಓದಿದ್ದೇ ಅಲ್ವಾ?"

"ಬದಲಾಯಿಸಿದೀನಿ ಅಂದಿದ್ನಲ್ಲೋ!"

"ಅಂದ್ರಿ. ಆದ್ರೆ ಹೊಸ ಸಾಲು ಇದ್ರೆ ಆಟ ತಾನಾಗೇ ನಿಲ್ಲತ್ತೆ. ಎಲ್ಲೂ ನಿಲ್ಲಲಿಲ್ಲ. ಉತ್ತರದ ಹತ್ರ ಎರಡು ಪದ ತಿದ್ದಿದೀರಿ ಅಂದ್ಕೊಂಡೆ." ಅವನು ನನ್ನ ಕಡೆ ತಿರುಗಿದ. "ದೃಶ್ಯಕ್ಕೆ ಹೊಸ ಹೆಸರು ಕೊಟ್ರಿ ತಾನೇ?"

ಕೊಟ್ಟಿರಲಿಲ್ಲ. ಓದಿಯಾಯಿತೋ ಇಲ್ಲವೋ ಎಂದು ಆಟ ಲೆಕ್ಕ ಇಡುವುದು ದೃಶ್ಯದ ಹೆಸರಿನ ಮೇಲೆ. ಹಳೆಯ ಹೆಸರಿನೊಳಗೇ ಹೊಸ ಮಾತು ತುಂಬಿದ್ದೆ. ಆಟ ಬರೆಯಲು ಕಲಿಯುವ ಹೊಸಬರಿಗೆ ನಾನೇ ಹೇಳಿಕೊಡುವ ಮೊದಲ ಪಾಠ ಇದು. ನನಗೆ ನಗು ಬಂತು, ಸಿಟ್ಟೂ ಬಂತು. ಅವನು ಇನ್ನೂ ಏನನ್ನೂ ಓದಿಲ್ಲ ಎಂಬ ಸಮಾಧಾನ ಒಂದು ಕಡೆ, ಇನ್ನು ನನ್ನೆದುರೇ ಓದುತ್ತಾನಲ್ಲ ಎಂಬ ಭಯ ಇನ್ನೊಂದು ಕಡೆ.

"ಗುಂಡಿ ಬಿಡು. ಒಂದೊಂದೇ ಸಾಲು ಓದು."

ಓದಿದ. ಕ್ಯೋಟೋ ಎಂದು ಬಂದಾಗ ಅವನ ಬೆನ್ನು ನೆಟ್ಟಗಾಯಿತು. ಮೂಲಂಗಿಯ ಸಾಲಿಗೆ ಬಂದಾಗ ಕಿವಿ ಕೆಂಪಾಯಿತು. ಎರಡು ಉತ್ತರಗಳು ತೆರೆಗೆ ಬಂದ ಕೂಡಲೇ ಕೈ, ಅಭ್ಯಾಸಬಲದಿಂದ, ಆಟವನ್ನು ಉಳಿಸಿಡಲು ಹೋಯಿತು. ಕವಲಿನ ಮುಂದೆ ಉಳಿಸಿಡದೆ ನಮ್ಮಲ್ಲಿ ಯಾರೂ ಹೆಜ್ಜೆ ಇಡುವುದಿಲ್ಲ. ಬೇಡವೆನಿಸಿದರೆ ವಾಪಸು ಬರಬಹುದಲ್ಲ. ನಾನು ಅವನ ಮಣಿಕಟ್ಟು ಹಿಡಿದುಕೊಂಡೆ.

"ಉಳಿಸಿಡ್ಬೇಡ. ಐದರೊಳಗೆ ನಾನು ಕ್ಯೋಟೋಗೆ ಫೋನ್ ಮಾಡ್ಬೇಕು."

ಅವನು ಕೈ ಹಿಂದಕ್ಕೆ ತೆಗೆದುಕೊಂಡು ಆ ಸಾಲುಗಳನ್ನು ಮೊದಲಿಂದ ಇನ್ನೊಮ್ಮೆ ಓದಿದ.

"ಇಲ್ಲೊಂದು ತಪ್ಪಿದೆ, ಚಿಗುಸಾ ಸಾನ್."

"ಮತ್ತೆ ಸಂಗೀತಾನಾ?"

"ಅಲ್ಲ. ಹೋಗು ಅನ್ನೋನೂ ನಾನೇ, ಇರು ಅನ್ನೋನೂ ನಾನೇ. ಅವಳಿಗೆ ಹೋಗೋಕೆ ಇಷ್ಟ ಇದೆಯಾ ಅಂತ ಯಾರೂ ಕೇಳೇ ಇಲ್ಲ."

"ಆಟದ ಹುಡುಗೀನ ಯಾರು ಕೇಳ್ತಾರೆ?"

"ನಿಮ್ಮನ್ನ ಕೇಳ್ತಿದೀನಿ."

ನೂರಾರು ಜನಕ್ಕೆ ಉತ್ತರ ಬರೆದಿಟ್ಟವಳ ಬಳಿ ತನಗೊಂದು ಇರಲಿಲ್ಲ. ಅವನು 'ಇರು' ಎಂದಿದ್ದರೆ ಇದ್ದುಬಿಡುತ್ತಿದ್ದೆ, ಮತ್ತೆ ಬದುಕಿಡೀ ಅವನನ್ನೇ ದೂರುತ್ತಿದ್ದೆ. 'ಹೋಗು' ಎಂದಿದ್ದರೂ ದೂರುತ್ತಿದ್ದೆ. ನಾಚಿಕೆಯಾಯಿತು.

"ಇಷ್ಟ ಇದೆ" ಎಂದೆ. "ತುಂಬಾ ಇದೆ. ನಿನ್ನ ಬಿಟ್ಟು ಹೋಗೋಕೆ ಮಾತ್ರ ಇಷ್ಟ ಇಲ್ಲ. ಎರಡೂ ನಿಜ, ಏನ್ ಮಾಡ್ಲಿ?"

"ಫೋನ್ ಮಾಡಿ. ಹೊತ್ತಾಗತ್ತೆ."

"ನೀನೇನ್ ಅಂತೀಯ?"

"ನನಗೆ ಅಳು ಬರ್ತಿದೆ. ಅದು ಉತ್ತರ ಅಲ್ಲ. ನೀವು ಫೋನ್ ಮಾಡಿ."

ಮಾಡಿದೆ. ಆ ಕಡೆಯವರು "ಹೇಳಿ" ಎಂದಾಗಲೂ ಏನು ಹೇಳುತ್ತೇನೆಂದು ನನಗೆ ನಿಜಕ್ಕೂ ಗೊತ್ತಿರಲಿಲ್ಲ.

"ಬರುತ್ತೇನೆ" ಎಂದೆ.

ಪಕ್ಕದಲ್ಲಿ ಶುಮ್ಪೇ ಜೋರಾಗಿಯೇ ಅತ್ತ. ಕ್ಯೋಟೋದವರಿಗೂ ಕೇಳಿಸಿರಬೇಕು.