ನೂರಾ ಹತ್ತು ಇಂಚಿನ ಊರಿಗೆ ತಂಪಿನ ಯಂತ್ರ

೧.
ಎಲ್ಲಿಂದ ಶುರು ಮಾಡಲಿ? ಗಾಜಿನ ಹಾಲ್‌ನಿಂದ ಶುರು ಮಾಡಿದರೆ ಜಾಹೀರಾತಿನಂತೆ ಕಾಣುತ್ತದೆ. ಬಾವಿಯಿಂದ ಶುರು ಮಾಡಿದರೆ ನೀವು ಪುಟ ತಿರುಗಿಸುತ್ತೀರಿ. ಬತ್ತಿದ ಬಾವಿಯ ಕಥೆಗಳನ್ನು ಓದಿ ನಿಮಗೂ ಸುಸ್ತಾಗಿದೆ, ಬರೆದು ನನಗೂ. ಹಾಗಾಗಿ ಒಂದು ಫಾರಂನಿಂದ ಶುರು ಮಾಡುತ್ತೇನೆ. (ಫಾರಂನಿಂದ ಶುರುವಾದ ಕಥೆಯನ್ನು ಯಾರು ಓದುತ್ತಾರೋ, ಅದು ಬೇರೆ ಮಾತು.)

೨.
೨೦೦೮, ಫೆಬ್ರವರಿ. ವನಗೂರಿನ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ರೆಸಾರ್ಟ್ ಏಳುತ್ತಿದೆ. ಗುಡ್ಡ ಕಾಣಲೆಂದು ಮೀಟಿಂಗ್ ಹಾಲಿಗೆ ನಾಲ್ಕೂ ಕಡೆ ಗಾಜು. ಗಾಜಿನ ಹಿಂದೆ ಬಿಸಿಲು ಬಂತು, ಬಿಸಿಲಿನ ಹಿಂದೆ ಎಸಿ ಬಂತು, ಎಸಿ ಬಂದಮೇಲೆ ‘ಹಸಿರು ಕಟ್ಟಡ’ ಸರ್ಟಿಫಿಕೇಟಿನ ಕರೆಂಟ್ ಮಿತಿ ದಾಟಿತು. ಇಂಜಿನಿಯರ್ ದೀಪಶ್ರೀ ಉಪಾಯ ಹುಡುಕಿದಳು: ನೀರಿನಿಂದ ತಂಪು ಮಾಡುವ ಎಸಿ. ಕರೆಂಟ್ ಕಡಿಮೆ ಸಾಕು. ನೀರು ಮಾತ್ರ ದಿನವೂ ಆವಿಯಾಗಿ ಹೋಗುತ್ತದೆ. ಸರ್ಟಿಫಿಕೇಟಿನ ಫಾರಂನಲ್ಲಿ ಅದಕ್ಕೊಂದು ಪ್ರಶ್ನೆಯಿತ್ತು: ಇದು ನೀರಿನ ಕೊರತೆಯ ಜಾಗವೇ? ವರ್ಷಕ್ಕೆ ಮಳೆ ಎಷ್ಟು?

ಎಸ್ಟೇಟಿನ ಮಳೆಯನ್ನು ಮೂವತ್ತು ವರ್ಷದಿಂದ ದಿನಾ ಬೆಳಿಗ್ಗೆ ಅಳೆದು ಬರೆಯುವವನು ರುದ್ರಯ್ಯ. ಪೇಟೆಯ ಇಂಜಿನಿಯರೊಬ್ಬರು ಅವನನ್ನು ಕೇಳಿದ್ದು ಅದೇ ಮೊದಲು.

“ನೂರಾ ಹತ್ತು ಇಂಚು ಮೇಡಂ. ವನಗೂರು ಕಣ್ರೀ ಇದು,” ಎಂದ ಎದೆಯುಬ್ಬಿಸಿ.

ದೀಪಶ್ರೀ ‘ಕೊರತೆ ಇಲ್ಲ’ ಎಂದು ಬರೆದಳು. ಇಬ್ಬರೂ ಸುಳ್ಳು ಹೇಳಲಿಲ್ಲ.

೩. (ಹರಿದುಹಾಕಿದ್ದು)
ದೀಪಶ್ರೀಯನ್ನು ಖಳನಾಯಕಿ ಮಾಡಿ ಒಂದು ಪುಟ ಬರೆದೆ. ಅವಳೇ ಬಂದು ಕೇಳಿದಳು: “ಸರ್, ಗಾಜು ಕಡಿಮೆ ಮಾಡಿ ಅಂತ ಓನರ್‌ಗೆ ಮೂರು ಸಲ ಹೇಳಿದ್ದೆ. ಅದನ್ಯಾಕೆ ಬರೀಲಿಲ್ಲ?” ಬರೆದರೆ ಬೈಯಲು ಯಾರೂ ಕೈಗೆ ಸಿಗುವುದಿಲ್ಲ, ಅದಕ್ಕೆ.

೪.
ಮರುವರ್ಷದ ಮಾರ್ಚ್. ಸರ್ಟಿಫಿಕೇಟ್ ಬಂದಿದೆ (ಮೊಳೆ ಹೊಡೆಯಲು ಗೋಡೆಯಿಲ್ಲದೆ ಗಾಜಿಗೆ ಅಂಟಿಸಿದ್ದಾರೆ). ಎಸಿಗೆ ನೀರು ಹೋಗುವುದು ಗುಡ್ಡದ ಒರತೆಯಿಂದ. ಕೆಳಗೆ ಕೂಲಿಯವರ ಲೈನ್ ಮನೆಗಳ ಬಾವಿಗೂ ಅದೇ ಒರತೆ. ಈಗ ರುದ್ರಯ್ಯನ ತಂಗಿ ಮಾದಮ್ಮ ಬಾವಿಗಿಳಿದು ತಂಬಿಗೆಯಲ್ಲಿ ನೀರು ಗೋರುತ್ತಿದ್ದಾಳೆ.

ರುದ್ರಯ್ಯ ನನ್ನ ಮೇಜಿನ ಮುಂದೆ ಬಂದು ನಿಂತ. “ಅವ್ರು ಒಟ್ಟು ಕೇಳಿದ್ರು, ನಾನು ಒಟ್ಟು ಹೇಳ್ಬುಟ್ಟೆ. ನೂರು ಇಂಚು ಮಳೆಗಾಲ್ದಲ್ಲೇ ಹೊಳೆಗೆ ಹೋಯ್ತದೆ. ಮಾರ್ಚಿನ ಪುಟದಲ್ಲಿ ಬರೀ ಸೊನ್ನೆ ಐತೆ. ಆ ಪುಟನೂ ತೋರ್ಸ್ದೆ ಅಂತ ಬರೀರಿ ಸ್ವಾಮಿ. ಒಂದೇ ಸಾಲು.”

“ಹಾಗೆ ಬರೆದರೆ ಸರ್ಟಿಫಿಕೇಟ್ ಸಿಗಲ್ಲ. ಸರ್ಟಿಫಿಕೇಟ್ ಇಲ್ಲದಿದ್ದರೆ ಕಥೆಯೇ ಇಲ್ಲ ಮಾರಾಯ.”

“ಕಥೆ ಇಲ್ದಿದ್ರೆ ಬ್ಯಾಡ ಬುಡಿ. ನನ್ ತಂಗಿಗೆ ನೀರಿರ್ತದೆ.”

ನನಗೆ ನಾಚಿಕೆಯಾಯಿತು. ಆದರೂ ಆ ಸಾಲು ಬರೆಯಲಿಲ್ಲ.

೫. ಅಂತ್ಯಗಳು, ಬೇಕಾದ್ದು ಆರಿಸಿಕೊಳ್ಳಿ
ಒಂದು: ಕಾಫಿ ಹೂ ಅರಳಿಸುವ ಬೇಸಿಗೆ ಮಳೆ ಬಂತು, ಬಾವಿ ತುಂಬಿತು. (“ಬರೋ ವರ್ಷ?” ಅಂತಾಳೆ ಮಾದಮ್ಮ.)
ಎರಡು: ಓನರ್ ಮನಸ್ಸು ಕರಗಿತು, ಎಸಿ ಆರಿಸಿ ಕಿಟಕಿ ತೆಗೆಯಲು ಹೋದರು. ಆ ಗಾಜಿಗೆ ಕಿಟಕಿಯನ್ನೇ ಇಟ್ಟಿಲ್ಲ.
ಮೂರು: ಹಸಿರು ಕಟ್ಟಡಕ್ಕೆ ಡೀಸೆಲ್ ಹೊಗೆ ಉಗುಳುತ್ತ ನೀರಿನ ಟ್ಯಾಂಕರ್ ಗುಡ್ಡ ಹತ್ತಿತು. ಇದು ಆಗುವಂಥದ್ದೇ, ಹಾಗಾಗಿ ಬರೆಯಲು ಬೇಸರ.

೬.
ಸಾಕಾಗಿದೆ. ಯಾವುದೋ ಒಂದರಲ್ಲಿ ನಿಲ್ಲಿಸೋಣವೆಂದು ಪೆನ್ನು ಮುಚ್ಚುತ್ತಿದ್ದೆ. ಮಾದಮ್ಮ ಬಾವಿಯೊಳಗಿಂದ ತಲೆಯೆತ್ತದೆ ಹೇಳಿದಳು:

“ನೀವು ಮುಗಿಸ್ಕಂಡು ಹೋಗಿ ಸ್ವಾಮಿ. ನಂದಿನ್ನೂ ಅರ್ಧ ಕೊಡನೂ ಆಗಿಲ್ಲ.”