ಹಶ್ಶೂಬ ಮೂಸಿದ ಬೆಂಕಿ

ಸತ್ತವರ ಮನೆಯಲ್ಲಿ ಅಳುವುದು ನನ್ನ ಕಸುಬು. ನಮ್ಮ ಜಾನೋಹ ಊರಲ್ಲಿ ಯಾರೇ ಕಣ್ಣು ಮುಚ್ಚಲಿ, ಮೊದಲು ಈ ಹಗ್ಗೀತಳಿಗೆ ಹೇಳಿ ಕಳಿಸುತ್ತಾರೆ, ಆಮೇಲೆ ನೆಂಟರಿಗೆ. ನಾನು ಎದೆ ಬಡಿದುಕೊಂಡು ಒಂದು ಸೊಲ್ಲೆತ್ತಿದರೆ ಸತ್ತವನ ಹಗೆಯೂ ಮೂಗು ಒರೆಸಿಕೊಳ್ಳಬೇಕು. ಆದರೆ ಬದುಕಿರುವ ಗಂಡಸೊಬ್ಬ ತಾನೇ ಬಂದು ತನ್ನ ಸಾವಿಗೆ ನನ್ನನ್ನು ಗೊತ್ತುಮಾಡಿದ್ದು ಒಂದೇ ಸಲ.

ಅವನು ಹಶ್ಶೂಬ, ಊರಿನ ದೊಡ್ಡ ಕುಳ. ಯೆರೂಸಲೇಮಿಗೆ ಹೋಗಿ ಅರಸನ ಮಣ್ಣು ನೋಡಿ ಬಂದಾಗಿನಿಂದ ಅವನ ತಲೆ ನೆಟ್ಟಗಿರಲಿಲ್ಲ. ನಮ್ಮಲ್ಲಿ ಹೆಣ ಸುಡುವುದಿಲ್ಲ. ಸುಡುವುದೆಂದರೆ ಮಹಾಪಾಪಿಗೆ ಕೊಡುವ ಶಿಕ್ಷೆ. ಉಳಿದವರು ಒಳ್ಳೆಯವರಾಗಲಿ, ಕೆಟ್ಟವರಾಗಲಿ, ಮೂಳೆ ಮುರಿಯದ ಹಾಗೆ ಹಿರಿಯರ ಗುಹೆಗೆ ಸೇರಿಸುತ್ತೇವೆ. ಆದರೆ ಅರಸ ಸತ್ತರೆ ಹೆಣದ ಮುಂದೆ ಸುಗಂಧದ ರಾಶಿ ಹಾಕಿ ಬೆಂಕಿ ಕೊಡುತ್ತಾರೆ. ಅದೇ ಬೆಂಕಿ ಹಶ್ಶೂಬನ ಮೂಗಿಗೆ ಹತ್ತಿಕೊಂಡಿತ್ತು.

"ಹಗ್ಗೀತಾ, ಆ ವಾಸನೆ! ಕೋಟೆ ಬಾಗಿಲಿನಾಚೆಗೂ ಬರ್ತಿತ್ತು ಕಣೇ. ನನಗೂ ಅಂಥದೊಂದು ಬೆಂಕಿ ಹಾಕಿಸ್ಬೇಕು."

"ಹಾಕ್ಸೋಣ ಬಿಡು ಹಶ್ಶೂಬಣ್ಣ. ಮೊದ್ಲು ಸಾಯಿ."

"ಸತ್ತ ಮೇಲೆ ವಾಸನೆ ಯಾರು ನೋಡ್ತಾರೆ? ಆ ಅರಸ, ಪಾಪ, ಅಷ್ಟು ದೊಡ್ಡ ರಾಶಿ ಸುಟ್ರು. ಒಂದು ಉಸಿರಾದ್ರೂ ಎಳ್ಕೊಂಡ್ನಾ? ಎಲ್ಲಾ ದಂಡ!"

ಅವನ ಉಪಾಯ ಇಷ್ಟು. ನಾಳೆ ಬೆಳಿಗ್ಗೆ ಸತ್ತ ಹಾಗೆ ಮಲಗುವುದು. ಊರವರು ಅಳಬೇಕು, ಸುಗಂಧ ಸುಡಬೇಕು, ತಾನು ಹೊಟ್ಟೆ ತುಂಬ ಮೂಸಬೇಕು. ಚಟ್ಟ ಎತ್ತುವಾಗ ಎದ್ದು ಕೂತು, ದೇವರು ತಿರುಗಿ ಕಳಿಸಿದ ಅನ್ನಬೇಕು. ಮುಖದ ಮೇಲಿನ ಬಟ್ಟೆಯನ್ನು ಯಾರೂ ಎತ್ತದ ಹಾಗೆ, ಬೆಂಕಿಗೆ ಮುಂಚೆ ಯಾರೂ ಗುಹೆಗೆ ಹೊರದ ಹಾಗೆ ನಾನು ನೋಡಿಕೊಳ್ಳಬೇಕು.

ಒಪ್ಪಿಕೊಂಡೆ. ಅವನ ಮೇಲಿನ ಪ್ರೀತಿಗಲ್ಲ. ಅವನ ಮಂಚದ ಕೆಳಗೆ ಸಾಂಬ್ರಾಣಿ, ರಕ್ತಬೋಳ, ದಾಲ್ಚಿನ್ನಿ ತುಂಬಿ ಅರಗು ಹಾಕಿದ ಗಡಿಗೆಯೊಂದಿತ್ತು. ಹೆಂಡತಿ ಸತ್ತಾಗ ಅದರಿಂದ ಒಂದು ಚಿಟಿಕೆ ತೆಗೆಯಲಿಲ್ಲ. ದೊಡ್ಡ ಮಗ ಸತ್ತಾಗಲೂ ತೆಗೆಯಲಿಲ್ಲ. ಎರಡು ಸಲವೂ ಮೂಗು ಮುಚ್ಚಿಕೊಂಡು ಅತ್ತವಳು ನಾನು. ನನಗೆ ಇವತ್ತಿಗೂ ಅದನ್ನು ನೆನೆದರೆ ಮೈ ಉರಿಯುತ್ತದೆ.

ಇನ್ನು ಆ ಮಗನ ಹೆಂಡತಿ ಯೆರೂಷಾ. ಮಕ್ಕಳಾಗದೆ ಗಂಡ ಸತ್ತರೆ ಅವನ ತಮ್ಮನ ಕೈ ಹಿಡಿಯಬೇಕು ಅನ್ನುವುದು ನಮ್ಮ ಕಟ್ಟಳೆ. ತಮ್ಮ ಓನಾಮನಿಗೋ ಇನ್ನೂ ಸೊಂಟಪಟ್ಟಿ ಕಟ್ಟಿಕೊಳ್ಳಲು ಬಾರದು. "ಅವನು ಬೆಳೆಯೋ ತನಕ ಕಾಯಿ" ಅಂತ ಹಶ್ಶೂಬನ ಅಪ್ಪಣೆ. ಕಾದರೆ ಮದುಮಗನಿಗೆ ಮೀಸೆ ಬರುವಷ್ಟರಲ್ಲಿ ಮದುಮಗಳ ತಲೆ ಬೆಳ್ಳಗಾಗುತ್ತದೆ. ಕುಂಬಾರ ಯೋಕೀಮ ಇವಳನ್ನು ಬಿಟ್ಟು ಬೇರೆ ಯಾರನ್ನೂ ಒಲ್ಲೆ ಅಂತಿದ್ದ, ಇವಳೂ ಅವನನ್ನೇ ಬಯಸಿದ್ದಳು. ಊರ ಹಿರಿಯರ ಮುಂದೆ ಮಾವನ ಬಾಯಿಂದ "ಬಿಟ್ಟಿದ್ದೇನೆ" ಅನ್ನುವ ಒಂದು ಮಾತು ಬಂದರೆ ಸಾಕಿತ್ತು. ಆ ಮಾತನ್ನೂ ಮುದುಕ ಗಡಿಗೆಗೆ ಹಾಕಿ ಅರಗು ಒತ್ತಿದ್ದ.

ಅವನ ಮನೆಯಿಂದ ನಾನು ನೇರ ಬಾವಿಗೆ ಹೋದೆ. ಯೆರೂಷಾ ನೀರು ಸೇದುತ್ತಿದ್ದಳು. ಎಲ್ಲ ಹೇಳಿದೆ. ಅವಳು ಕೊಡ ಕೆಳಗಿಟ್ಟು, ಕಟ್ಟೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ತಟ್ಟನೆ ನಗು ನಿಲ್ಲಿಸಿದಳು.

"ದೊಡ್ಡಮ್ಮ, ಸತ್ತೋರು ಎದುರು ಮಾತಾಡಲ್ಲ ಅಲ್ವಾ?"

"ನಾನಂತೂ ಇವತ್ತಿನ ತನಕ ಕೇಳಿಲ್ಲ ಮಗಳೇ."

ಮರುದಿನ ಹಶ್ಶೂಬ ಹೇಳಿದಂತೆಯೇ ಸತ್ತ. ಅಂಗಳದಲ್ಲಿ ಚಟ್ಟ, ಅದರ ಕಾಲ ಬದಿಗೆ ಆಲಿವ್ ಕಟ್ಟಿಗೆಯ ರಾಶಿ, ಪಕ್ಕದಲ್ಲಿ ಆ ಗಡಿಗೆ. ಮುದುಕನ ಕೊನೆಯಾಸೆ ಅಂತ ಹೇಳಿ ನಾನೇ ಇಡಿಸಿದ್ದು. ನಾನು ಕೂದಲು ಕೆದರಿಕೊಂಡು "ಅಯ್ಯೋ ನನ್ನ ಒಡೆಯಾ" ಅಂತ ಶುರು ಮಾಡಿದೆ. ಬಟ್ಟೆಯ ಕೆಳಗೆ ಮುದುಕನ ಹೊಟ್ಟೆ ಹಿಗ್ಗಿನಿಂದ ಉಬ್ಬಿತು. ಅಷ್ಟರಲ್ಲಿ ಕುರಿ ಕಾಯುವವನೊಬ್ಬ ಕಟ್ಟಿಗೆ ನೋಡಿ ಕೇಳಿದ:

"ಯಜಮಾನ್ರನ್ನ ಇದರ ಮೇಲೆ ಇಡೋದಾ, ಪಕ್ಕಕ್ಕಾ?"

ಹೆಣದ ಕಾಲಿನ ಹೆಬ್ಬೆರಳು ನೆಟ್ಟಗೆ ನಿಂತಿತು. ನಾನು ಅದರ ಮೇಲೆ ಬಿದ್ದು ಇನ್ನೂ ಜೋರಾಗಿ ಅತ್ತೆ.

ಯೆರೂಷಾ ಕೈಯಲ್ಲಿ ಕೊಳ್ಳಿ ಹಿಡಿದು ಬಂದಳು. ಹಚ್ಚಲಿಲ್ಲ. ಊರ ಹಿರಿಯ ಜಕ್ಕೂರನ ಮುಂದೆ ನಿಂತು ಗೊಳೋ ಅಂದಳು.

"ಬೆಂಕಿ ಕೊಡೋ ಮುಂಚೆ ಮಾವನ ಕೊನೇ ಮಾತು ನಿಮ್ಮ ಕಿವಿಗೆ ಹಾಕ್ಬೇಕು ಹಿರಿಯರೇ. 'ಮಗಳೇ, ಓನಾಮ ಇನ್ನೂ ಸಿಂಬಳ ಒರೆಸ್ಕೊಳ್ಳೋದು ಕಲೀತಿದಾನೆ. ನಿನ್ನ ಬಿಟ್ಟಿದೀನಿ. ಯೋಕೀಮನ ಕೈ ಹಿಡಿ, ಸುಖವಾಗಿರು' ಅಂದ್ರು. ಎಂಥಾ ದೊಡ್ಡ ಮನಸ್ಸು ನಮ್ಮ ಮಾವಂದು!"

ಬಟ್ಟೆಯ ಕೆಳಗೆ ಮುಷ್ಟಿ ಬಿಗಿಯಾಯಿತು. ಇನ್ನೇನು ಎದ್ದೇಬಿಡುತ್ತಾನೆ ಅನ್ನಿಸಿತು. ಅಳುವ ನೆಪದಲ್ಲಿ ಅವನ ಕಿವಿಗೆ ಬಗ್ಗಿದೆ.

"ಏಳ್ತೀಯಾ? ಏಳು. ಎದ್ರೆ ಊರೆಲ್ಲ ನಗುತ್ತೆ, ಬೆಂಕೀನೂ ಇಲ್ಲ. ಮಲಗಿದ್ರೆ ಈಗ್ಲೇ ಹಚ್ತಾಳೆ."

ಅದೇ ಗಳಿಗೆಗೆ ಯೆರೂಷಾ ಗಡಿಗೆಯ ಅರಗು ಒಡೆದಳು. ಸುಡುವ ಮಾತಿರಲಿ, ಬಾಯಿ ತೆರೆದದ್ದಕ್ಕೇ ಅಂಗಳವೆಲ್ಲ ಘಮ್ಮೆಂದಿತು. ಮುಷ್ಟಿ ಮೆಲ್ಲಗೆ ಸಡಿಲವಾಯಿತು.

ಜಕ್ಕೂರ ಗಡ್ಡ ನೀವಿಕೊಂಡ. "ಹಶ್ಶೂಬ ಹಂಗಂದ್ನಾ? ಯಾರಿಗೂ ಒಂದು ಒಣ ಅಂಜೂರ ಕೊಟ್ಟೋನಲ್ಲ."

"ಅಲ್ಲ ಅನ್ನೋರು ಯಾರಾದ್ರೂ ಇದ್ರೆ ಈಗ್ಲೇ ಬಾಯಿ ಬಿಡ್ಲಿ," ಅಂದೆ ನಾನು, ಚಟ್ಟದ ಕಡೆ ತಿರುಗಿ.

ಯಾರೂ ಬಾಯಿ ಬಿಡಲಿಲ್ಲ. ಜಕ್ಕೂರ ಹೆಣದ ಒಂದು ಕಾಲಿನ ಚಪ್ಪಲಿ ಕಳಚಿ ಯೋಕೀಮನ ಕೈಗೆ ಕೊಟ್ಟ. ನಮ್ಮಲ್ಲಿ ಚಪ್ಪಲಿ ಕೈ ಬದಲಾದರೆ ಹಕ್ಕು ಬಿಟ್ಟುಕೊಟ್ಟಂತೆ. ನೆರೆದವರೆಲ್ಲ "ಹಾಗೇ ಆಗಲಿ" ಅಂದರು. ಯೆರೂಷಾ ಸುಗಂಧ ಸುರಿದು ಕೊಳ್ಳಿ ಇಟ್ಟಳು.

ಏನು ಪರಿಮಳ ಅಂತೀರಿ! ನಿಜ ಹೇಳಬೇಕೆಂದರೆ ನಾನೂ ಅಳುವುದನ್ನು ಮರೆತೆ. ಮುದುಕ ಎಳೆದ ಉಸಿರಿಗೆ ಮುಖದ ಬಟ್ಟೆ ಮೂಗಿನ ಎರಡೂ ಹೊಳ್ಳೆಯೊಳಗೆ ಹೋಗಿ ಬಂತು. ಸದ್ಯ, ಎಲ್ಲರ ಕಣ್ಣೂ ಹೊಗೆಗೆ ಮುಚ್ಚಿದ್ದವು.

ಬೆಂಕಿ ಇಳಿಯಿತು, ಚಟ್ಟ ಎತ್ತಿದರು, ಹಶ್ಶೂಬ ಎದ್ದು ಕೂತ. ಹೊತ್ತವರು ಅವನನ್ನು ಅಲ್ಲೇ ಎತ್ತಿಹಾಕಿ ಕಾಲಿಗೆ ಬುದ್ಧಿ ಹೇಳಿದರು. ಕುರಿಯವನು ಅಂಜೂರದ ಮರ ಹತ್ತಿದ.

"ದೇವರು ತಿರುಗಿ ಕಳಿಸಿದ!" ಅಂತ ಸೊಂಟ ಹಿಡಿದುಕೊಂಡೇ ಕೂಗಿದ ಹಶ್ಶೂಬ. "ಆದರೆ ಈ ಹುಡುಗಿ ಹೇಳಿದ್ದು..."

"ಹೇಳಿದ್ದು ಕೇಳಿಸ್ತಾ ನಿನಗೆ?" ನಾನು ಥಟ್ಟನೆ ಕೇಳಿದೆ. "ಹಂಗಾದ್ರೆ ಸತ್ತಿರ್ಲಿಲ್ವಾ?"

ಅವನು ಸುತ್ತ ನೋಡಿದ. ಹೆಂಗಸರು ಬೆರಗಿನಿಂದ ಅವನ ಬಟ್ಟೆಯ ಅಂಚು ಮುಟ್ಟುತ್ತಿದ್ದರು. ಅಂಥ ಮರ್ಯಾದೆ ಅವನು ಹುಟ್ಟಿದ ಮೇಲೆ ಕಂಡಿರಲಿಲ್ಲ.

"ಸತ್ತೋನಿಗೆ ಏನು ಕೇಳ್ಸುತ್ತೆ? ಏನೂ ಕೇಳ್ಸಿಲ್ಲ."

"ಸಾಯೋ ಮುಂಚೆ ನೀನು ಇವಳ್ನ ಬಿಟ್ಟಿದ್ದು ನಿಜ ತಾನೆ?" ಅಂದ ಜಕ್ಕೂರ.

ಹಶ್ಶೂಬ ತನ್ನ ಬರಿಗಾಲು ನೋಡಿಕೊಂಡ. "ನಿಜಾನೇ ಇರ್ಬೇಕು," ಅಂದ ಹಲ್ಲು ಕಚ್ಚಿ.

ದ್ರಾಕ್ಷಿ ಕೊಯ್ಲಿಗೆ ಯೆರೂಷಾಳ ಮದುವೆ ಆಯಿತು. ಅಲ್ಲಿ ಎಲ್ಲರಿಗಿಂತ ಹೆಚ್ಚು ಕುರಿಮಾಂಸ ತಿಂದವನು ಹಶ್ಶೂಬ. ದೇವರು ಏನಂದ ಅಂತ ಕೇಳಿದವರಿಗೆಲ್ಲ ಒಂದೊಂದು ಕಥೆ ಹೇಳಿದ.

ಕೆಲವು ಚಳಿಗಾಲ ಕಳೆದ ಮೇಲೆ ಅವನು ನಿಜವಾಗಿ ಸತ್ತ. ಗಡಿಗೆ ಬರಿದಾಗಿತ್ತು. ಗುಹೆಯ ಬಾಯಲ್ಲಿ ನಾನು ಸೊಲ್ಲೆತ್ತುವ ಹೊತ್ತಿಗೆ ಯೆರೂಷಾ ಕಂಕುಳಲ್ಲಿ ಕೂಸು ಇಟ್ಟುಕೊಂಡು ಬಂದು ಸೆರಗಿನ ಗಂಟು ಬಿಚ್ಚಿದಳು. ಒಳಗೆ ಒಂದು ಹಿಡಿ ಸುಗಂಧ.

"ಅವತ್ತೇ ಎತ್ತಿಟ್ಟಿದ್ದೆ ದೊಡ್ಡಮ್ಮ, ನನ್ನ ಮೊದಲ್ನೇ ಗಂಡನ ಹೆಸರಲ್ಲಿ ಸುಡೋಣ ಅಂತ. ಅಪ್ಪ ಮಗ ಒಂದೇ ಗುಹೇಲಿ ಮಲಗ್ತಾರಲ್ಲ. ಇಬ್ಬರಿಗೂ ಆಗ್ಲಿ."

ಕೆಂಡದ ಮೇಲೆ ಹಾಕುವ ಮುಂಚೆ ಅವಳು ಮುದುಕನ ಕಿವಿಗೆ ಬಗ್ಗಿದಳು.

"ಮಾವ, ಇರೋದು ಇಷ್ಟೇ. ಏಳೋದಿದ್ರೆ ಈಗ್ಲೇ ಎದ್ದು ಮೂಸಿಬಿಡಿ."

ಹೊಗೆ ಗುಹೆಯೊಳಕ್ಕೆ ಹೋಯಿತು. ನಾವೆಲ್ಲ ಆ ಮುಖದ ಬಟ್ಟೆಯನ್ನೇ ನೋಡುತ್ತ ನಿಂತೆವು, ಪರಿಮಳ ಪೂರ್ತಿ ಆರುವ ತನಕ. ಬಟ್ಟೆ ಅಲುಗಲಿಲ್ಲ. ಆಮೇಲೆ ನಾನು ಅತ್ತೆ.